ಬೂದೆಮ್ಮ ಹಿಡಿದ ನಾಡಿ

ಮಸರಕಲ್ಲಿನ ಬೂದೆಮ್ಮನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರು ಆ ಊರಲ್ಲಿ ಯಾರೂ ಇರಲಿಲ್ಲ. ಆಕೆಗೆ ಮಾಟಮಂತ್ರ ಗೊತ್ತಿತ್ತು ಅಂತಲ್ಲ, ಕುರಿ ಗೊತ್ತಿತ್ತು. ಮಲ್ಲಟದಲ್ಲಿದ್ದ ಅವಳಪ್ಪ ಕುರಿ ಕೊಳ್ಳುವಾಗ ಹಲ್ಲು ನೋಡುತ್ತಿರಲಿಲ್ಲ, ಉಣ್ಣೆ ಹಿಡಿದು ನೋಡುತ್ತಿರಲಿಲ್ಲ. ಹಿಂಗಾಲಿನ ಒಳತೊಡೆಗೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. "ಮಾರಾಂವ ನೂರು ಹೇಳ್ತಾನ, ನಾಡಿ ಒಂದ ಹೇಳ್ತದ" ಅನ್ನುವುದು ಅವನ ಮಾತು. ಆ ವಿದ್ಯೆಯನ್ನು ಗಂಡುಮಕ್ಕಳಿಗೆ ಕಲಿಸಲು ಹೋಗಿ ಸೋತು, ಕೊನೆಗೆ ಮಗಳಿಗೆ ಕಲಿಸಿದ. ಮಗಳು ಅದನ್ನು ಕುರಿಗಷ್ಟೇ ನಿಲ್ಲಿಸಲಿಲ್ಲ.

ಮದುವೆಯಾದ ಮೊದಲ ವರ್ಷವೇ ಗಂಡ ಗದ್ದೆಪ್ಪ ಆಕೆ ಮಾರಲು ಕೊಟ್ಟ ಎರಡು ಕಂಬಳಿಗಳನ್ನು ಮಾನ್ವಿಯಲ್ಲಿ ಇಸ್ಪೀಟಿಗೆ ಒಪ್ಪಿಸಿ ಬಂದು, ಬಸ್ಸಿನಲ್ಲಿ ಕಳುವಾದವು ಎಂದ. ಬೂದೆಮ್ಮ ಜಗಳ ತೆಗೆಯಲಿಲ್ಲ. ತಂಬಿಗೆ ನೀರು ಕೊಟ್ಟಳು. ಅವನು ಕುಡಿಯುವಾಗ ಖಾಲಿ ಇದ್ದ ಎಡಗೈಯ ಮಣಿಕಟ್ಟು ಹಿಡಿದು, "ಯಾವ ಬಸ್ಸಿನಾಗ?" ಎಂದಳು. ನಾಡಿ ನಾಯಿ ಕಂಡ ಮರಿಯ ಹಾಗೆ ಹಾರಿತು. ಗದ್ದೆಪ್ಪ ತಂಬಿಗೆ ಕೆಳಗಿಟ್ಟು ಎಲ್ಲವನ್ನೂ ಒಪ್ಪಿಕೊಂಡ. ಅಲ್ಲಿಂದ ಮುಂದೆ ಏನಾದರೂ ತಪ್ಪು ಮಾಡಿ ಬಂದ ದಿನ ಅವನು ಎರಡೂ ಕೈಯನ್ನು ಕಂಬಳಿಯೊಳಗೆ ಹುದುಗಿಸಿಕೊಂಡೇ ಮನೆ ಹೊಗುತ್ತಿದ್ದ. ಅದನ್ನು ನೋಡಿ ಊರಿನವರು, "ಇವತ್ತ ಏನೋ ಮಾಡ್ಯಾನ" ಎಂದು ಬೂದೆಮ್ಮನಿಗಿಂತ ಮೊದಲೇ ತೀರ್ಮಾನ ಮಾಡುತ್ತಿದ್ದರು.

ಇಂಥ ಸಂಸಾರಕ್ಕೆ ಎಪ್ಪತ್ತೆಂಟನೇ ಇಸವಿಯಲ್ಲಿ ಡಬ್ಬಿ ಬಂತು.

ಆ ಬೇಸಿಗೆಯಲ್ಲಿ ಗದ್ದೆಪ್ಪ ಎರಡು ಸಲ ಹೊಲದಲ್ಲಿ ಕಡಿದ ಮರದ ಹಾಗೆ ಬಿದ್ದ. ಬೂದೆಮ್ಮ ಕೈ ಹಿಡಿದರೆ ನಾಡಿ ಒಮ್ಮೆ ಬಡಿದು, ಆಮೇಲೆ ಮುಗ್ಗರಿಸಿ, ಇನ್ನೊಂದು ಬಡಿತಕ್ಕೆ ಆಕೆಯನ್ನು ಕಾಯಿಸುತ್ತಿತ್ತು. ರಾಯಚೂರಿನಲ್ಲಿ ಡಾಕ್ಟರ್ ಹನುಮಂತ್ರಾಯರು ಅವನ ಕೈಕಾಲಿಗೆ ಪಟ್ಟಿ ಕಟ್ಟಿ, ಎದೆಗೆ ರಬ್ಬರಿನ ಬುರುಡೆಗಳನ್ನು ಅಂಟಿಸಿ ಮಷೀನು ಹಾಕಿದರು. ಉದ್ದದ ಕಾಗದದ ಮೇಲೆ ಮುಳ್ಳು ಗೀಚುತ್ತ ಹೋಯಿತು. ಎದೆಯ ಮೇಲಿನ ಕೋಣೆಯ ಮಾತು ಕೆಳಗಿನ ಕೋಣೆಗೆ ಮುಟ್ಟುತ್ತಿಲ್ಲ ಎಂದು ಡಾಕ್ಟರು ಹೇಳಿದರು. ಹೈದರಾಬಾದಿಗೆ ಹೋಗಿ ಪೇಸ್‌ಮೇಕರ್ ಎಂಬ ಡಬ್ಬಿ ಹಾಕಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ ಎಂದರು. ತವರಿನಿಂದ ಬೂದೆಮ್ಮನ ಜೊತೆ ಬಂದು ಬೆಳೆದ ಹಿಂಡಿನಲ್ಲಿ ಅರ್ಧ ಅದರ ಖರ್ಚಿಗೆ ಹೋಯಿತು. ಉಳಿದರ್ಧವನ್ನು ಕಾಯಲು ಆಕೆ ಹಿಂದೆ ಉಳಿದಳು. ಗಂಡನ ಜೊತೆ ಮೈದುನ ಹೋದ.

ತಿಂಗಳ ಮೇಲೆ ಗದ್ದೆಪ್ಪ ನಡೆದುಕೊಂಡೇ ಬಂದ. ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಬೆಂಕಿಪೊಟ್ಟಣದಷ್ಟು ಉಬ್ಬು.

"ಇದು ತಾನ ಬಡೀತದ, ಎದಿನೂ ಬಡಿಸ್ತದ. ಎಂದೂ ನಿಲ್ಲಂಗಿಲ್ಲ ಇದು. ನಾ ಸತ್ತ ಮ್ಯಾಗೂ ಮಣ್ಣಾಗ ಬಡೀತಿರ್ತದಂತ" ಎಂದು ನಕ್ಕ.

ಬೂದೆಮ್ಮ ಅಂದು ಸಂತೋಷಕ್ಕೆ ಅತ್ತಳು. ಗಂಡ ಉಳಿದನಲ್ಲ, ಅಷ್ಟು ಸಾಕಿತ್ತು. ಆದರೆ ಎಂಟು ದಿನ ಕಳೆಯುವುದರೊಳಗೆ ಆಕೆಗೆ ಇನ್ನೊಂದು ವಿಷಯ ತಿಳಿಯಿತು. ಬಾವಿಯಿಂದ ನೀರು ಸೇದಿ ಬಂದಾಗ ಹಿಡಿದರೂ ಅದೇ ನಾಡಿ, ಮಲಗಿದ್ದಾಗ ಹಿಡಿದರೂ ಅದೇ. ಬೈದರೂ ಅದೇ, ಪಕ್ಕಕ್ಕೆ ಎಳೆದುಕೊಂಡರೂ ಅದೇ. ಟಕ್, ಟಕ್, ಟಕ್. ಒಂದು ದಿನ ಬೆಲ್ಲದ ಗಡಿಗೆಯಲ್ಲಿ ಕೈ ಹಾಕಿ ತಿಂದವನನ್ನು ಹಿಡಿದು ಕೇಳಿದಳು. "ನಾ ಮುಟ್ಟೇ ಇಲ್ಲ" ಎಂದ. ಮೀಸೆಯಲ್ಲಿ ಬೆಲ್ಲ ಇತ್ತು, ನಾಡಿಯಲ್ಲಿ ಏನೂ ಇರಲಿಲ್ಲ.

ಗದ್ದೆಪ್ಪನಿಗೂ ಅದು ಗೊತ್ತಾಗಿ, ಸಾಲೆ ಬಿಟ್ಟ ಹುಡುಗನಷ್ಟು ಹಿಗ್ಗಿದ. ಈಗ ತಾನೇ ಕೈ ಚಾಚುತ್ತಿದ್ದ. "ಹಿಡಿಬೇ, ಹಿಡಿದು ಕೇಳು. ಏನರ ಕೇಳು." ಮೊದಮೊದಲು ಬೂದೆಮ್ಮನೂ ನಗುತ್ತಿದ್ದಳು. ಆದರೆ ಒಂದು ಸಲ ಮನಸ್ಸಿನಲ್ಲಿ ಹುಳ ಬಿದ್ದರೆ ಅದು ಸುಮ್ಮನೆ ಕೂರುವ ಜಾತಿಯದಲ್ಲ. ಇಪ್ಪತ್ತು ವರ್ಷ ಆಕೆ ಗಂಡನ ಮಾತನ್ನು ನಂಬಿದವಳಲ್ಲ, ಗಂಡನ ಕೈಯನ್ನು ನಂಬಿದವಳು. ಈಗ ಕೈ ಮೂಕಾದ ಮೇಲೆ ಮಾತನ್ನು ನಂಬುವುದು ಹೇಗೆ ಎಂದು ಆಕೆಗೆ ತಿಳಿದಿರಲಿಲ್ಲ. ಪಾಪ, ಯಾರೂ ಕಲಿಸಿರಲಿಲ್ಲ. ಆದರೂ ಬೆಳಿಗ್ಗೆ ಎದ್ದು ಅವನ ಕೈ ಹಿಡಿಯುವುದನ್ನು ಬಿಡಲಿಲ್ಲ. ಅದು ಚಟವಾಗಿತ್ತು.

ಹೀಗೆ ಐದು ವರ್ಷ ನಡೆಯಿತು. ಗದ್ದೆಪ್ಪ ಮೊದಲೆಲ್ಲ ಆರು ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ ಬರುತ್ತಿದ್ದ. ಎಂಬತ್ತಮೂರರ ದಸರೆ ಕಳೆದದ್ದೇ ತಿಂಗಳಿಗೊಮ್ಮೆ ಹೊರಟ. "ಮಷೀನು ಹಳೇದಾತು, ಮ್ಯಾಲಿಂದ ಮ್ಯಾಲ ತೋರಸ್ಬೇಕಂತ" ಎಂದ. ಬೂದೆಮ್ಮ ಸರಿ ಎಂದಳು. ಆದರೆ ಹೋಗಿ ಬಂದ ದಿನ ಅವನ ಅಂಗಿಯಿಂದ ಅತ್ತರಿನ ವಾಸನೆ ಬರುತ್ತಿತ್ತು. ರೊಟ್ಟಿ ಹಾಕಿದರೆ ಹಸಿವಿಲ್ಲ ಎನ್ನುತ್ತಿದ್ದ. ಬಾಯಿ ಎಲೆಅಡಿಕೆಯಿಂದ ಕೆಂಪಾಗಿರುತ್ತಿತ್ತು. ಕುರಿ ಹೊಡೆದುಕೊಂಡು ಹೋಗುವಾಗ ರೇಡಿಯೋದ ಹಿಂದಿ ಹಾಡು ಗುನುಗುತ್ತಿದ್ದ. ಅವರ ಮನೆಯಲ್ಲಿ ರೇಡಿಯೋ ಇರಲಿಲ್ಲ.

"ರಾಯಚೂರಾಗ ಏನಂದ್ರು?" ಎಂದು ಕೇಳಿದರೆ, "ಛಲೋ ಅದ ಅಂದ್ರು" ಎನ್ನುತ್ತಿದ್ದ. ಅನ್ನುವಾಗ ಅವನ ಬಲಗೈ ತಾನಾಗಿ ಹೆಗಲ ಹತ್ತಿರದ ಆ ಉಬ್ಬಿಗೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ. ಬೂದೆಮ್ಮ ಅದನ್ನು ನೋಡಿಯೂ ನೋಡದವಳಂತೆ ಮುದ್ದೆ ತಿರುವುತ್ತಿದ್ದಳು.

ಆಮೇಲೆ ಎಳ್ಳಮಾಸಿ ಅಮಾವಾಸ್ಯೆ ಬಂತು. ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಎಲ್ಲರೂ ಬನ್ನಿಗಿಡದ ಕೆಳಗೆ ಉಂಡು ಕೂತಿದ್ದಾಗ ಆಕೆ ಗಂಡನ ಕೈ ಹಿಡಿದಳು. ಹಿಡಿದ ಬೆರಳು ಅಲ್ಲೇ ನಿಂತಿತು. ಐದು ವರ್ಷ ಒಂದೇ ಹೆಜ್ಜೆ ಹಾಕಿದ ನಾಡಿ ಈಗ ಸ್ವಲ್ಪ ನಿಧಾನ. ಹಿಂದೆ ಬಿದ್ದಾಗಿನಂತೆ ಮುಗ್ಗರಿಸುವ ನಿಧಾನವಲ್ಲ. ಅದನ್ನು ಆಕೆ ಬಲ್ಲಳು. ಇದು ಸಮನಾದದ್ದು, ಮೆತ್ತನೆಯದು, ಹೊಟ್ಟೆ ತುಂಬ ಮೇಯ್ದು ಮೆಲುಕು ಹಾಕುವ ಕುರಿಯದು.

ಆ ನಾಡಿ ಯಾವುದು ಎಂದು ಆಕೆಗೆ ಅಪ್ಪ ಹೇಳಿದ್ದ. ಒಂದು ಹಿಂಡಿನ ಕುರಿ ತಪ್ಪಿಸಿಕೊಂಡು ಬೇರೆ ಮಂದಿಯ ಹಿಂಡು ಸೇರಿದರೆ ಹೋಗಿ ಮೊದಲು ಅದರ ನಾಡಿ ನೋಡಬೇಕು. ಹಾರುತ್ತಿದ್ದರೆ ಹೆದರಿದೆ ಎಂದರ್ಥ, ಕರೆದರೆ ಬರುತ್ತದೆ. ನಿಧಾನವಾಗಿದ್ದರೆ ಒಗ್ಗಿದೆ ಎಂದರ್ಥ. ಒಗ್ಗಿದ ಕುರಿಗೆ ಹಗ್ಗ ಹಾಕಿ ಎಳೆದು ತರಬಾರದು, ಹೇಗಿದ್ದರೂ ಮರುದಿನ ಮತ್ತೆ ಅಲ್ಲಿಗೇ ಹೋಗುತ್ತದೆ. "ಅದು ಸುಖಾಗ್ಯದ, ಬಿಟ್ಟು ಬಾ" ಎನ್ನುತ್ತಿದ್ದ ಅಪ್ಪ, ಮಗಳಿಗೂ ಅಳಿಯನಿಗೂ.

ಬೂದೆಮ್ಮ ಗಂಡನ ಕೈ ಬಿಟ್ಟು ಪಾತ್ರೆ ಎತ್ತಿದಳು.

ಆ ದಿನದಿಂದ ಅವಳು ಅವನನ್ನು ಏನನ್ನೂ ಕೇಳಲಿಲ್ಲ. ಎಲ್ಲಿಗೆ ಹೋಗಿದ್ದಿ ಅನ್ನಲಿಲ್ಲ, ಏನು ಉಂಡಿ ಅನ್ನಲಿಲ್ಲ. ಬೆಳಿಗ್ಗೆ ಮಾತ್ರ ಕೈ ಹಿಡಿಯುತ್ತಿದ್ದಳು. ಪುಷ್ಯ ಕಳೆದು ಮಾಘ ಬಂತು, ನಾಡಿ ಇನ್ನಷ್ಟು ನಿಧಾನವಾಯಿತು. ಗದ್ದೆಪ್ಪ ಹಗಲಲ್ಲೂ ಗೋಡೆಗೆ ಒರಗಿ ಕೂರತೊಡಗಿದ. ದಿಬ್ಬ ಹತ್ತುವಾಗ ನಿಂತು ನಿಂತು ಹತ್ತುತ್ತಿದ್ದ. ಮನಸ್ಸು ಇಲ್ಲಿಲ್ಲದವನಿಗೆ ಕಾಲು ಎಲ್ಲಿಂದ ಬರಬೇಕು ಎಂದುಕೊಂಡಳು ಬೂದೆಮ್ಮ. ಸಂಶಯಕ್ಕೆ ಒಂದು ಗುಣವಿದೆ, ಅದಕ್ಕೆ ಏನು ಹಾಕಿದರೂ ತಿನ್ನುತ್ತದೆ. ಆದರೆ ಮಾನಕ್ಕೆ ಅಂಜಿ ಯಾರ ಮುಂದೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವನು ಕಂಬಳಿ ಮಾರುವ ಸಾಬಣ್ಣ. ಶಿವರಾತ್ರಿ ಮುಗಿದ ವಾರ ಮಾನ್ವಿಯಿಂದ ಬಂದವನು ಬೂದೆಮ್ಮನ ಕಟ್ಟೆಯ ಮೇಲೆ ಕೂತು, ತಾನಾಗಿ ಹೇಳಬಾರದು ಎಂದು ಮೂರು ಸಲ ಹೇಳಿ, ಆಮೇಲೆ ಹೇಳಿದ.

"ಯಕ್ಕಾ, ಮಾವ ರಾಯಚೂರಿಗೆ ಹೋಗ್ತೀನಂತ ಹೇಳಿ ಹೋಗ್ತಾನಲ್ಲ, ನಾ ಎರಡ ಸಲ ಮಾನ್ವ್ಯಾಗ ನೋಡೀನಿ. ಅಕ್ಕಿ ಮಿಲ್ಲಿನ ಹಿಂದಿನ ಓಣಿ. ಹಸರ ಬಾಗಲ ಮನಿ. ಗುಲ್ಶನ್ ಬೇಗಂ ಅಂತ ಒಬ್ಬ ಬೂಬಮ್ಮಂದು ಅಂತ."

"ಇರ್ಲಿ ಬಿಡಪಾ," ಎಂದಳು ಬೂದೆಮ್ಮ. "ಕಾಲಿದ್ದಾಂವ ಹೋಗ್ತಾನ." ಸಾಬಣ್ಣ ಹೋದ ಮೇಲೆ ಒಳಗೆ ಹೋಗಿ ಕೂತಳು. ಹೆಸರು ಸಿಕ್ಕ ಮೇಲೆ ನೋವಿಗೆ ಮುಖ ಬಂದಿತ್ತು.

ಮುಂದಿನ ಸಲ ಗದ್ದೆಪ್ಪ ಹೊರಟಾಗ ಅವಳು ಮೈದುನನಿಗೆ ಹಿಂಡು ಒಪ್ಪಿಸಿ ಮುಂದಿನ ಬಸ್ಸು ಹತ್ತಿದಳು. ಸಿರವಾರದಲ್ಲಿ ಇಳಿದು ಮಾನ್ವಿ ಬಸ್ಸು ಹಿಡಿದಳು. ದಾರಿಯ ಎರಡೂ ಕಡೆ ಕಾಲುವೆ ನೀರಿನ ಭತ್ತ ಹಸಿರಾಗಿ ನಿಂತಿತ್ತು. ಬೇರೆ ದಿನವಾಗಿದ್ದರೆ ಇಂಥ ನೀರು ಮಸರಕಲ್ಲಿಗೆ ಯಾಕಿಲ್ಲ ಎಂದು ಒಂದು ಮಾತು ಬೈಯುತ್ತಿದ್ದಳು. ಅಂದು ಅವಳ ತಲೆಯಲ್ಲಿ ಬೇಗಂ ಮಾತ್ರ ಇದ್ದಳು. ವಯಸ್ಸೆಷ್ಟಿರಬೇಕು, ಬಣ್ಣ ಹೇಗಿರಬೇಕು, ತಾನು ಮೊದಲು ಆಡಬೇಕಾದ ಮಾತು ಯಾವುದು. ಗಂಡನನ್ನು ಕರೆತರಲು ಅವಳು ಹೋಗುತ್ತಿರಲಿಲ್ಲ. ಎಂಥವಳ ಹಿಂಡು ಸೇರಿದ್ದಾನೆ, ಒಮ್ಮೆ ಕಣ್ಣಾರೆ ನೋಡಿದರೆ ಸಾಕಿತ್ತು.

ಹಸಿರು ಬಾಗಿಲು ತೆರೆದೇ ಇತ್ತು. ಪರದೆ ಇಳಿಬಿಟ್ಟಿದ್ದರು. ಪರದೆಯ ಕೆಳಗೆ ಮಂಚದಿಂದ ಹೊರಬಂದಿದ್ದ ಎರಡು ಪಾದ ಕಂಡವು. ಒಡೆದ ಹಿಮ್ಮಡಿ, ಬಲಗಾಲ ಹೆಬ್ಬೆರಳಿಗೆ ಉಗುರಿಲ್ಲ. ಗದ್ದೆಪ್ಪನದೇ. ಅವುಗಳ ಆಚೆ ಬಳೆ ತೊಟ್ಟ ಒಂದು ಹೆಂಗಸಿನ ಕೈ ಅಲ್ಲಾಡಿತು.

ಬೂದೆಮ್ಮ ಪರದೆ ಸರಿಸಿ ಒಳಗೆ ನುಗ್ಗಿದಳು.

ಎರಡು ಮಂಚದ ಮೇಲೆ ಇಬ್ಬರು ಗಂಡಸರು, ಉಣ್ಣೆ ಕತ್ತರಿಸಿಬಿಟ್ಟ ಟಗರುಗಳ ಹಾಗೆ, ಬರಿಮೈಯಲ್ಲಿ ಅಂಗಾತ ಮಲಗಿದ್ದರು. ಒಬ್ಬ ಗದ್ದೆಪ್ಪ. ಇನ್ನೊಬ್ಬ ಬಿಳಿ ಗಡ್ಡದ ಮುದುಕ, ಅವನಿಗೂ ಕೊರಳೆಲುಬಿನ ಕೆಳಗೆ ಅಂಥದೇ ಉಬ್ಬು. ನಡುವೆ ಬೆತ್ತದ ಮೂಢೆಯ ಮೇಲೆ ಮದರಂಗಿ ಕೂದಲಿನ, ಅರವತ್ತು ದಾಟಿದ ದಪ್ಪ ಹೆಂಗಸು. ಅವಳ ಒಂದು ಕೈಯಲ್ಲಿ ಗಡಿಯಾರ. ಇನ್ನೊಂದು ಕೈಯಿಂದ ಅವಳು ಒಂದು ಸಣ್ಣ ರೇಡಿಯೋವನ್ನು ಗದ್ದೆಪ್ಪನ ಉಬ್ಬಿಗೆ ಒತ್ತಿ ಹಿಡಿದಿದ್ದಳು.

"ಏನ್ ನಡಿಸೀರಿ ಇಲ್ಲಿ..." ಎಂದು ಬೂದೆಮ್ಮ ಶುರು ಮಾಡಿದಳು.

"ನಕ್ಕೋ, ನಕ್ಕೋ, ಮಾತಾಡಬ್ಯಾಡ, ಲೆಕ್ಕ ತಪ್ತದ," ಎಂದಳು ಹೆಂಗಸು, ಗಡಿಯಾರದಿಂದ ಕಣ್ಣೆತ್ತದೆ. "ಇಪ್ಪತ್ತೊಂದು, ಇಪ್ಪತ್ತೆರಡು..."

ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಾಯಲ್ಲಿ ಹಿಡಿದು ಬೂದೆಮ್ಮ ನಿಲ್ಲಬೇಕಾಯಿತು. ಗದ್ದೆಪ್ಪ ಹೆಂಡತಿಯನ್ನು ನೋಡಿ ಏಳಲು ಹೋದ, ಬೇಗಂ ಮೊಣಕೈಯಿಂದ ಅವನನ್ನು ಮಂಚಕ್ಕೆ ಒತ್ತಿದಳು. ರೇಡಿಯೋದಲ್ಲಿ ಹಾಡಿರಲಿಲ್ಲ, ಮಾತಿರಲಿಲ್ಲ, ಯಾವ ಸ್ಟೇಷನ್ನೂ ಇರಲಿಲ್ಲ. ಬರೀ ಗೊರ ಗೊರ. ಅದರ ನಡುವೆ ಒಂದು ಸದ್ದು: ಟಕ್... ಟಕ್... ಟಕ್. ಬೂದೆಮ್ಮನಿಗೆ ಗುರುತು ಸಿಕ್ಕಿತು. ದಿನಾ ಬೆಳಿಗ್ಗೆ ತನ್ನ ಬೆರಳ ಕೆಳಗೆ ಬಡಿಯುತ್ತಿದ್ದದ್ದೇ ಈಗ ಕಿವಿಗೆ ಕೇಳುತ್ತಿತ್ತು.

"...ಐವತ್ತೇಳು, ಐವತ್ತೆಂಟು. ಆತು." ಬೇಗಂ ರೇಡಿಯೋ ಆರಿಸಿದಳು. ಬಿಳಿ ಗಡ್ಡದ ತನ್ನ ಗಂಡನ ಕಡೆ ತಿರುಗಿ, "ಐವತ್ತೆಂಟು ಜೀ," ಎಂದಳು. ಆಗ ಬೂದೆಮ್ಮನ ಕಡೆ ನೋಡಿದಳು. "ನೀ ಯಾರಮ್ಮ?"

"ಇವನ ಹೇಣ್ತಿ."

ಬೇಗಂ ಗದ್ದೆಪ್ಪನನ್ನು ನೋಡಿದಳು, ಆಮೇಲೆ ಎದ್ದು ತಾನು ಕೂತಿದ್ದ ಮೂಢೆಯನ್ನು ಬೂದೆಮ್ಮನ ಮುಂದೆ ಸರಿಸಿದಳು. "ಕೂಡು ಬೆಹೆನ್. ನೀ ಬಂದಿದ್ದು ಛಲೋ ಆತು. ನಿನ್ನ ಗಂಡ ನಮಗೆ ಆಣಿ ಹಾಕಿ ಬಾಯಿ ಕಟ್ಟ್ಯಾನ."

ವಿಷಯ ಬಿಡಿಸಿ ಹೇಳಿದವರು ಅವಳ ಗಂಡ, ಬಿಳಿ ಗಡ್ಡದ ಅಬ್ದುಲ್ ವಹೀದ್, ಅಕ್ಕಿ ವ್ಯಾಪಾರಿ. ಹೈದರಾಬಾದಿನ ಆಸ್ಪತ್ರೆಯಲ್ಲಿ ಇಬ್ಬರದೂ ಅಕ್ಕಪಕ್ಕದ ಮಂಚ. ಡಬ್ಬಿಯೊಳಗೆ ಬ್ಯಾಟರಿ ಇದೆ, ಅದಕ್ಕೂ ಆಯುಷ್ಯ ಇದೆ, ಅದು ತೀರುತ್ತ ಬಂದರೆ ಬಡಿತ ಕಡಿಮೆಯಾಗುತ್ತ ಬರುತ್ತದೆ ಎಂದು ಅಲ್ಲಿನ ಡಾಕ್ಟರು ಇಬ್ಬರಿಗೂ ಹೇಳಿ ಕಳಿಸಿದ್ದರು. ರೇಡಿಯೋವನ್ನು ಸ್ಟೇಷನ್ನಿಲ್ಲದ ಕಡೆ ತಿರುಗಿಸಿ ಎದೆಗೆ ಹಿಡಿದರೆ ಸದ್ದು ಕೇಳುತ್ತದೆ, ಗಡಿಯಾರ ನೋಡಿ ಒಂದು ನಿಮಿಷ ಎಣಿಸಿ, ಎಪ್ಪತ್ತೆರಡು ಇರಬೇಕು, ಅರವತ್ತಾರಕ್ಕೆ ಬಂತೋ ಓಡಿ ಬನ್ನಿ ಎಂದಿದ್ದರು. ವಹೀದರ ಡಬ್ಬಿ ಹೋದ ದಸರೆಗೆ ಇಳಿಯಿತು, ಹೋಗಿ ಬದಲಿಸಿಕೊಂಡು ಬಂದರು. ಅದು ಗೊತ್ತಾದಾಗಿನಿಂದ ಗದ್ದೆಪ್ಪನೂ ತಿಂಗಳಿಗೊಮ್ಮೆ ಬಂದು ಇಲ್ಲಿ ಎಣಿಸಿಕೊಳ್ಳುತ್ತಿದ್ದ. ಬಂದ ಅತಿಥಿಗೆ ಊಟ ಹಾಕಿ, ಎಲೆಅಡಿಕೆ ಕೊಟ್ಟು, ಅತ್ತರು ಹಚ್ಚಿ ಕಳಿಸುವುದು ಆ ಮನೆಯ ರೂಢಿ.

"ಎಳ್ಳಮಾಸಿಗೆ ಅರವತ್ತಾರು," ಎಂದರು ವಹೀದರು. "ಆಮ್ಯಾಲ ಅರವತ್ತ್ಮೂರು. ಇವತ್ತು ನೀನ ಕೇಳಿದ್ಯಲ್ಲವ್ವ. ನಾ ಕೈ ಮುಗಿದು ಹೇಳೀನಿ, ಹೋಗು ಅಂತ. ಕೇಳವಲ್ಲ."

ಬೂದೆಮ್ಮ ಗಂಡನ ಕಡೆ ತಿರುಗಿದಳು. ಗದ್ದೆಪ್ಪ ಅಂಗಿ ಹಾಕಿಕೊಳ್ಳಲು ತೋಳು ಹುಡುಕುತ್ತಿದ್ದ.

"ಅರ್ಧ ಹಿಂಡು ಮೊದಲ ಹೋಗ್ಯದ," ಎಂದ, ಅಂಗಿಯೊಳಗಿಂದ. "ನಿಮ್ಮಪ್ಪನ ಕುರಿ ಅವು. ಇನ್ನೊಂದ ಸಲ ಮಾರು ಅನ್ನಾಕ ನಂಗ ಬಾಯಿ ಬರಲಿಲ್ಲಬೇ. ನಿಂಗ ಗೊತ್ತಾದ್ರ ನೀ ಮಾರೇ ಮಾರ್ತಿ. ನಾ ಹೋದ ಮ್ಯಾಗ ನಿಂಗ ಏನ್ ಉಳೀತದ?"

ಬೂದೆಮ್ಮನಿಗೆ ಸಿಟ್ಟು ಬಂತು. ಆಕೆ ತಂದ ಸಿಟ್ಟಲ್ಲ, ಅದು ಎಲ್ಲಿ ಹೋಯಿತೋ. ಇದು ಹೊಸದು, ದೊಡ್ಡದು, ಅದರೊಳಗೆ ಹೆದರಿಕೆಯೂ ಬೆರೆತಿತ್ತು. ಬೇಗಂ ಚಹಾ ತಂದಳು. ಇವಳ ಬಗ್ಗೆ ತಾನು ಬಸ್ಸಿನಲ್ಲಿ ಏನೇನು ಅಂದುಕೊಂಡಿದ್ದೆ ಎಂದು ನೆನೆದು ಬೂದೆಮ್ಮನಿಗೆ ನಾಚಿಕೆಯಾಯಿತು. ಬಸಿಯಲ್ಲಿ ಸುರಿದು ಎರಡು ಗುಟುಕಿಗೆ ಕುಡಿದಳು, ಎದ್ದಳು.

"ಏಳು," ಎಂದಳು ಗಂಡನಿಗೆ. "ಕುರಿ ನಂದು. ಮಾರೋದು ಬಿಡೋದು ನಂದು."

ಮಧ್ಯಾಹ್ನದ ರಾಯಚೂರು ಬಸ್ಸಿನಲ್ಲಿ ಅವಳು ಅವನ ಕೈ ಹಿಡಿದೇ ಕೂತಳು. ಗದ್ದೆಪ್ಪ ಏನೋ ಕೇಳುತ್ತಾಳೆಂದು ಕಾದ. ಬಸ್ಸು ಕುಲುಕಿದಾಗ ಬೆರಳ ಕೆಳಗಿನ ಬಡಿತ ತಪ್ಪಿಹೋದರೆ ಗಾಬರಿಯಾಗಿ ಮತ್ತೆ ಹುಡುಕುತ್ತಿದ್ದಳು. ಸಿಕ್ಕ ಮೇಲೆ ಮುಂದಿನದಕ್ಕೆ ಕಾಯುತ್ತಿದ್ದಳು. ನಡುನಡುವೆ ಒಂದು ಲೆಕ್ಕ ಅವಳನ್ನು ಚುಚ್ಚುತ್ತಿತ್ತು. ಎಳ್ಳಮಾಸಿಗೆ ಅರವತ್ತಾರು. ಅದೇ ಹಬ್ಬದಲ್ಲಿ, ಬನ್ನಿಗಿಡದ ಕೆಳಗೆ, ಗಡಿಯಾರವಿಲ್ಲದೆ, ರೇಡಿಯೋ ಇಲ್ಲದೆ ಅವಳ ಬೆರಳು ಅದನ್ನು ಹಿಡಿದಿತ್ತು. ವಹೀದರ ಮನೆಯಲ್ಲಿ ಎಣಿಸಿ ತಿಳಿದದ್ದನ್ನು ಅವಳು ಮುಟ್ಟಿ ತಿಳಿದಿದ್ದಳು. ತಿಳಿದು ಪಾತ್ರೆ ತೊಳೆಯಲು ಹೋಗಿದ್ದಳು.

ಡಾಕ್ಟರ್ ಹನುಮಂತ್ರಾಯರು ಮಷೀನು ಹಾಕಿದರು. ಹೊಸ ಕಾಗದವನ್ನು ಹಳೆಯದರ ಪಕ್ಕ ಇಟ್ಟು ಸ್ಕೇಲು ಹಿಡಿದು ಗೀಟಿನಿಂದ ಗೀಟಿಗೆ ಅಳೆದರು. ಅಳೆಯುತ್ತಿದ್ದಂತೆ ಅವರ ಮುಖ ಬಿಗಿಯಿತು. ಊರಿಗೆ ಹೋಗುವುದು ಬೇಡ, ಇಲ್ಲಿಂದಲೇ ಹೈದರಾಬಾದು, ಇವತ್ತೇ, ತಾನು ಚೀಟಿ ಬರೆದು ಫೋನೂ ಮಾಡುತ್ತೇನೆ ಎಂದರು. ಬರೆಯಲು ಕೂತು ಪೆನ್ನಿನ ಮುಚ್ಚಳ ತೆಗೆದರು.

"ಯಾವಾಗಿಂದ ಹಿಂಗ ನಿಧಾನ ಆಗ್ಯದ?"

"ಮೊನ್ನಿಮೊನ್ನಿಯಿಂದ್ರೀ," ಎಂದ ಗದ್ದೆಪ್ಪ ತಕ್ಷಣ. ಹೆಂಡತಿಯ ಕಡೆ ನೋಡಲಿಲ್ಲ.

"ಸುಳ್ಳರೀ," ಎಂದಳು ಬೂದೆಮ್ಮ. "ಎಳ್ಳಮಾಸಿಯಿಂದರೀ."

"ನಿನಗ ಹ್ಯಾಂಗ ಗೊತ್ತವ್ವ?"

"ದಿನಾ ಕೈ ಹಿಡೀತೀನ್ರೀ ನಾನು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಳ್ಳಮಾಸಿಯಿಂದ ಗೊತ್ತದ ಅಂತೀ. ಇಷ್ಟು ದಿನ ಸುಮ್ಮನ ಇದ್ದಿ. ಅವಾಗನ ಯಾಕ ಕರಕೊಂಡು ಬರಲಿಲ್ಲ? ಏನಂತ ತಿಳ್ಕೊಂಡಿದ್ದಿ ನೀ?"

ಬೂದೆಮ್ಮ ಸೆರಗಿನ ತುದಿ ಹಿಡಿದು ನಿಂತಳು. ಅವಳಿಗೆ ಒಂದು ಸುಳ್ಳು ಸಿಗಬಹುದಿತ್ತು. ಆದರೆ ಜೀವಮಾನದಲ್ಲಿ ಅದನ್ನು ಹೇಳಿ ರೂಢಿ ಇರಲಿಲ್ಲ.

"ಸುಖಾಗ್ಯಾನ ಅಂತ ತಿಳ್ಕೊಂಡಿದ್ದೆರೀ," ಎಂದಳು.

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಗದ್ದೆಪ್ಪನಿಗೆ ಆಯಿತು. ಅಂಗಿಯ ಗುಂಡಿ ಹಾಕುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿ, ಹೆಂಡತಿಯ ಮುಖವನ್ನೇ ನೋಡುತ್ತ ಕೂತ.